ಸಿಬ್ಬಂದಿ: ಒಂಬತ್ತು ಮಂದಿ

ಶಿರೀಷಾಳ ಎಡಗಡೆಯ ಜಡೆಗೆ ಟೇಪು ಕಟ್ಟಿ, ಬಲಗಡೆಯ ಕೂದಲನ್ನು ಮೂರು ಎಳೆಯಾಗಿ ಬಿಡಿಸುವಷ್ಟರಲ್ಲಿ ಶರ್ವಾಣಿಯ ಫೋನು ಬಡಿದುಕೊಂಡಿತು. ಸ್ಕೂಲ್ ವ್ಯಾನಿಗೆ ಇನ್ನು ಕಾಲು ಗಂಟೆ ಮಾತ್ರ. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿದಳು.

“ಕಾಫಿ ಆರಿಹೋಯ್ತು ಕಣಮ್ಮ,” ಅಂದರು ಅಪ್ಪ. “ಎರಡು ಸಲ ಬಿಸಿ ಮಾಡ್ದೆ. ನಿಮ್ಮಮ್ಮ ಏಳ್ತಾನೇ ಇಲ್ಲ.”

ಬಾಚಣಿಗೆ ಬಾಯಿಂದ ಜಾರಿ ಮಗುವಿನ ಮಡಿಲಿಗೆ ಬಿತ್ತು. ಒಂದು ಜಡೆಯ ಮಗುವನ್ನು ಕೈಹಿಡಿದು ಎಳೆದುಕೊಂಡೇ ಶರ್ವಾಣಿ ಎರಡು ಬೀದಿ ದಾಟಿ ಓಡಿದಳು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೊರಟ ಟೆಂಪೋಗಳು ಹಾರ್ನ್ ಬಾರಿಸುತ್ತಲೇ ಇದ್ದವು.

ಅಮ್ಮ ಊಟದ ಮೇಜಿನ ಮೇಲೆ ಎಡಗೆನ್ನೆಯೂರಿ ಕೂತಿದ್ದರು. ಕನ್ನಡಕ ಹಣೆಗೆ ಏರಿತ್ತು. ಮುಂದೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ. ಬೀದಿಯ ಕೊನೆಯ ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು, ನಾಡಿ ನೋಡಿ, ಐದೂವರೆ ಆರರ ನಡುವೆ ಆಗಿರಬೇಕು, ಹೃದಯ, ಅಂದರು. ಶರ್ವಾಣಿ ಮೊದಲು ಮಾಡಿದ ಕೆಲಸವೆಂದರೆ ಲ್ಯಾಪ್‌ಟಾಪನ್ನು ಮುಚ್ಚಿ ಕೋಣೆಯ ಬೀರುವಿನ ಮೇಲೆ ಎತ್ತಿಟ್ಟದ್ದು. ಕಾಫಿಯ ಲೋಟವನ್ನು ಅಪ್ಪ ಯಾರಿಗೂ ಮುಟ್ಟಲು ಬಿಡಲಿಲ್ಲ.

*

ಶರ್ವಾಣಿಯ ಅಮ್ಮ ವಿಶಾಲಾಕ್ಷಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಹನ್ನೊಂದು ವರ್ಷದ ಹಿಂದೆ ಗ್ರಂಥಪಾಲಕರು ನಿವೃತ್ತರಾದಾಗ, ಹೊಸಬರು ಬರುವವರೆಗೆ ಆರು ತಿಂಗಳ ಮಟ್ಟಿಗೆ ಅಂತ ವಾಣಿಜ್ಯ ವಿಭಾಗದ ಪ್ರೊಫೆಸರ್ ಮೋಹನ್‌ಬಾಬು ಅವರಿಗೆ ಪ್ರಭಾರ ವಹಿಸಿದರು. ಆ ಆರು ತಿಂಗಳು ಇನ್ನೂ ಮುಗಿದಿರಲಿಲ್ಲ. ಗ್ರಂಥಪಾಲಕರ ಕೋಣೆಯ ಬಾಗಿಲಿಗೆ ಅವರ ಹೆಸರಿನ ಫಲಕ, ಬಾಗಿಲಿಗೆ ಬೀಗ. ವಿಶಾಲಾಕ್ಷಮ್ಮ ಕೂರುತ್ತಿದ್ದದ್ದು ಜೆರಾಕ್ಸ್ ಮೆಷಿನ್ನಿನ ಪಕ್ಕದ ಮೇಜಿನಲ್ಲಿ. ಪುಸ್ತಕ ಕೊಳ್ಳುವ ವಿಭಾಗ, ಪತ್ರಿಕೆಗಳ ವಿಭಾಗ, ಎರವಲು ಕೌಂಟರು, ಮೇಲಿನ ಮಹಡಿಯ ಕಂಪ್ಯೂಟರುಗಳು, ಎಲ್ಲದರ ಬೀಗದ ಕೈಯೂ ಅವರ ಸೆರಗಿನ ತುದಿಯಲ್ಲಿ.

ಶನಿವಾರ ಬಂದರೆ ವಿಶ್ವವಿದ್ಯಾಲಯದ ಹಳೇ ಜೀಪಿನಲ್ಲಿ ಪುಸ್ತಕದ ಪೆಟ್ಟಿಗೆ ಹೇರಿಸಿಕೊಂಡು ಹೊರಡುತ್ತಿದ್ದರು. ಒಂದು ವಾರ ದಿಬ್ಬೂರಹಳ್ಳಿ, ಒಂದು ವಾರ ನಗರಗೆರೆ, ಮತ್ತೊಂದು ವಾರ ಶಿಡ್ಲಘಟ್ಟದ್ದೇ ರೇಷ್ಮೆ ಬಿಚ್ಚುವ ಕಾರ್ಖಾನೆಗಳು. ಕುದಿನೀರಿನ ತೊಟ್ಟಿಯಲ್ಲಿ ದಿನವಿಡೀ ಕೈ ಅದ್ದುವ ಹೆಂಗಸರು ಮುಟ್ಟಿದ ಪುಸ್ತಕಗಳು ಉಬ್ಬಿಕೊಂಡು ವಾಪಸು ಬಂದವು. ಎರವಲು ವಿಭಾಗದವರು ಗಲಾಟೆ ಮಾಡಿದರು. ಆಮೇಲೆ ವಿಶಾಲಾಕ್ಷಮ್ಮ ಒಂದು ಕಟ್ಟಳೆ ಮಾಡಿದರು: ಬೆರಳು ಒದ್ದೆಯಿದ್ದವರು ಕೇಳಬೇಕು, ಒಣಗಿದವರು ಓದಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳು ಕೈ ಒರೆಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು, ಹದಿನೈದು ಜನ ಬುತ್ತಿ ಬಿಚ್ಚಿಕೊಂಡು ಕೇಳುತ್ತಿದ್ದರು.

ಗ್ರಂಥಾಲಯದ ವೆಬ್‌ಸೈಟನ್ನೂ ಅವರೇ ಕಲಿತು ಕಟ್ಟಿದರು. ಅದರಲ್ಲಿ ಒಂದು ತಪ್ಪನ್ನೂ ಅವರೇ ಮಾಡಿದರು. ಏನು ಬದಲಾಯಿಸಿದರೂ ಮೇಲಿನವರ ಗಮನಕ್ಕೆ ಬಾರದೆ ಆಗಬಾರದು ಅಂತ, ಗ್ರಂಥಪಾಲಕರ ಫೋನಿಗೆ ಆರಂಕಿಯ ನಂಬರು ಹೋಗಿ, ಅದನ್ನು ಒತ್ತಿದರೆ ಮಾತ್ರ ಪುಟ ಹೊರಗೆ ಕಾಣುವ ಹಾಗೆ ಮಾಡಿಸಿದರು. ಹೊಸ ಗ್ರಂಥಪಾಲಕರು ಬರುತ್ತಾರೆ, ಅವರಿಗೆ ಅನುಕೂಲವಾಗಲಿ ಅಂತ. ಬರಲಿಲ್ಲ. ಹಾಗಾಗಿ ಹನ್ನೊಂದು ವರ್ಷ ಪ್ರತಿಯೊಂದು ಸಣ್ಣ ಸೂಚನೆಗೂ ವಿಶಾಲಾಕ್ಷಮ್ಮ ಫೋನು ಮಾಡುವುದು, ಮೋಹನ್‌ಬಾಬು ಮದುವೆ ಮನೆಯಿಂದಲೋ ಸಂಜೆಯ ವಾಕಿಂಗಿನಿಂದಲೋ ಆರು ಅಂಕಿ ಓದುವುದು. ಆ ನಂಬರಿನ ಆಯಸ್ಸು ಐದು ನಿಮಿಷ. ಅಷ್ಟರೊಳಗೆ ಸಿಗದಿದ್ದರೆ ಮತ್ತೆ ಮೊದಲಿಂದ.

“ನೀನು ಯಾಕಮ್ಮ ಅವರ ಹಿಂದೆ ಬೀಳ್ತೀಯ?” ಅಂತ ಶರ್ವಾಣಿ ಎಷ್ಟೋ ಸಲ ರೇಗಿದ್ದಳು. “ಎಲ್ಲಾ ನೀನು ಮಾಡೋದು, ಸೈಟಲ್ಲಿ ಫೋಟೋ ಅವರದ್ದು. ನಿನ್ನ ಹೆಸರು ಒಂದು ಕಡೆ ಇದ್ಯಾ?”

“ಹೆಸರು ಹಾಕ್ಕೊಂಡ್ರೆ ಪುಸ್ತಕ ತಾನಾಗಿ ಶೆಲ್ಫಿಗೆ ಹೋಗತ್ತೇನೇ?” ಅನ್ನುತ್ತಿದ್ದರು ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತ.

*

ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಅರಿಶಿನ ಕುಂಕುಮ ಇಟ್ಟು ನಡುಮನೆಯಲ್ಲಿ ಮಲಗಿಸಿದ್ದರು. ಶರ್ವಾಣಿಯ ಗಂಡ ಅಚ್ಯುತ್ ಸ್ಮಶಾನದ ಏರ್ಪಾಟಿಗೆ ಹೋಗಿದ್ದ. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯವರು ಕೊಟ್ಟ ಇಡ್ಲಿಯನ್ನು ಹಿತ್ತಲಲ್ಲಿ ಕೂರಿಸಿಕೊಂಡು ಮಗಳಿಗೆ ತಿನ್ನಿಸುತ್ತಿದ್ದಾಗ ಶರ್ವಾಣಿಗೆ ಬೆನ್ನ ಹಿಂದೆ ಯಾರೋ ಕೆಮ್ಮಿದ ಸದ್ದು ಕೇಳಿತು.

ಅಫ್ಜಲ್. ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವವನು, ಹೊರಗುತ್ತಿಗೆಯ ನೌಕರ. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಅಕ್ಕ, ಹೇಳಕ್ಕೇ ನಾಚಿಕೆ ಆಗ್ತಿದೆ. ಆಫೀಸಿಂದ ಏಳು ಸಲ ಫೋನ್ ಬಂತು. ನಾಳೆ ಲೈಬ್ರರಿ ಪರಿಶೀಲನೆಗೆ ಕಮಿಟಿ ಬರ್ತಾ ಇದೆ. ಸೈಟಲ್ಲಿ ಇನ್ನೂ ಒಂದು ಪುಟ ಬಾಕಿ ಅಂತೆ. ಪಾಸ್‌ವರ್ಡು ಮೇಡಂ ಹತ್ರ ಮಾತ್ರ ಇತ್ತು.”

ಶರ್ವಾಣಿ ಅವನನ್ನೇ ನೋಡಿದಳು. ಕೈಯಲ್ಲಿದ್ದ ಇಡ್ಲಿಯ ತುಂಡು ಪುಡಿಯಾಯಿತು.

“ಅಮ್ಮ ಒಳಗೆ ಮಲಗಿದಾಳೆ ಅಫ್ಜಲ್. ಹೋಗಿ ಕೇಳಪ್ಪ.”

ಅವನು ತಲೆತಗ್ಗಿಸಿ ನಿಂತ. “ಬೈರಿ ಅಕ್ಕ. ನಾನೇ ನಿಮ್ಮ ಜಾಗದಲ್ಲಿದ್ರೆ ಹೊಡೀತಿದ್ದೆ.”

ಅವನನ್ನು ಬೈದು ಏನು ಪ್ರಯೋಜನ? ಅವನ ಹೆಸರೂ ಎಲ್ಲೂ ಇರಲಿಲ್ಲ. ಶರ್ವಾಣಿ ಕೈತೊಳೆದು ಅಡುಗೆಮನೆಗೆ ಹೋದಳು. ಪಾಸ್‌ವರ್ಡು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಬದಲಾಗುವ ಅದನ್ನು ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಪೆನ್ಸಿಲಿನಲ್ಲಿ ಗೀಚಿಡುತ್ತಿದ್ದರು. ಬೀರುವಿನ ಮೇಲಿಂದ ಲ್ಯಾಪ್‌ಟಾಪು ಇಳಿಸಿ ಮಂಚದ ಮೇಲೆ ಕೂತಳು. ಶಿರೀಷಾ ಹಿಂದೆಯೇ ಬಂದು ಅವಳ ತೋಳಿಗೆ ಒರಗಿಕೊಂಡಿತು.

ಪುಟ ತೆರೆದುಕೊಂಡಿತು. ಮೇಲೆ ‘ಕರಡು’ ಅಂತ ಬರೆದಿತ್ತು, ಇವತ್ತಿನ ತಾರೀಖು, ಬೆಳಿಗ್ಗೆ ಐದು ಹನ್ನೆರಡು.

ಅದು ಸಿಬ್ಬಂದಿಯ ಪುಟ. ಹೊರಗೆ ಜನರಿಗೆ ಕಾಣುವುದರಲ್ಲಿ ಮೋಹನ್‌ಬಾಬು ಅವರ ಫೋಟೋ, ಕೆಳಗೆ ‘ಸಿಬ್ಬಂದಿ: ಒಂಬತ್ತು ಮಂದಿ’ ಅಂತ ಒಂದೇ ಸಾಲು. ಕರಡಿನಲ್ಲಿ ಅಮ್ಮ ಆ ಸಾಲನ್ನು ಅಳಿಸಿದ್ದರು. ಅಲ್ಲಿ ಒಂಬತ್ತು ಹೆಸರುಗಳಿದ್ದವು. ಕಸ ಗುಡಿಸುವ ನಲ್ಲಪ್ಪ, ಜೀಪಿನ ಮುನಿನಾರಾಯಣಪ್ಪ, ಅಫ್ಜಲ್, ಕೌಂಟರಿನವರು, ಪತ್ರಿಕೆಯವರು. ಎಲ್ಲರ ಮುಂದೆಯೂ ಅವರವರು ಮಾಡುವ ಕೆಲಸ. ಕೊನೆಯಲ್ಲಿ, ಎಲ್ಲರಿಗಿಂತ ಕೆಳಗೆ: ‘ವಿಶಾಲಾಕ್ಷಿ ಅನಂತರಾಮಯ್ಯ. ವಿಭಾಗಗಳ ಉಸ್ತುವಾರಿ, ಹಳ್ಳಿ ಪುಸ್ತಕ ಪೆಟ್ಟಿಗೆ, ವೆಬ್‌ಸೈಟು.’

ಹನ್ನೊಂದು ವರ್ಷದ ಮೇಲೆ ಕೇಳಿದ್ದು ಇಷ್ಟೇ, ಅದೂ ಒಂಬತ್ತನೆಯವಳಾಗಿ. ಶರ್ವಾಣಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಮ್ಮನ ಮೇಲೆಯೇ.

“ಅಮ್ಮ, ಇದು ಅಜ್ಜಿ ಹೆಸರು,” ಅಂದಿತು ಮಗು. “ಇನ್ನೂ ನಂಬರ್ ಬಂದಿಲ್ಲ, ಅದಕ್ಕೇ ಈ ಗುಂಡಿ ಹಳದಿ ಇದೆ. ನಂಬರ್ ಹಾಕಿದ್ರೆ ಹಸಿರಾಗತ್ತೆ.”

“ನಿಂಗೆ ಹೆಂಗೆ ಗೊತ್ತೇ?”

“ರಜದಲ್ಲಿ ದಿನಾ ನಾನೇ ಅಲ್ವಾ ಬರ್ಕೊಳ್ತಿದ್ದಿದ್ದು? ಅಜ್ಜಿ ಫೋನನ್ನ ಸ್ಪೀಕರಿಗೆ ಹಾಕ್ತಿದ್ರು. ನಾನು ಬರ್ಕೊಳ್ತಿದ್ದೆ.” ಸ್ವಲ್ಪ ತಡೆದು, “ಅಮ್ಮ, ಒಂದು ಕೇಳ್ಲಾ?” ಅಂದಿತು.

“ಈಗ ಬೇಡ ಚಿನ್ನ. ಆಮೇಲೆ.”

*

ಆ ಬೇಸಿಗೆ ರಜದಲ್ಲಿ ಒಂದು ದಿನ ಮಗು ಬೀಗ ಹಾಕಿದ ಕೋಣೆಯ ಫಲಕವನ್ನು ಅಕ್ಷರ ಕೂಡಿಸಿ ಓದಿತ್ತಂತೆ. ಕಿಟಕಿಯಿಂದ ಇಣುಕಿ, “ಅಜ್ಜಿ, ಒಳಗೆ ಯಾರೂ ಇಲ್ಲ, ಕುರ್ಚಿ ಮೇಲೆ ಧೂಳು,” ಅಂದಿತ್ತಂತೆ. ವಿಶಾಲಾಕ್ಷಮ್ಮ ಅದಕ್ಕೆ ನಕ್ಕು, ಬೀಗ ತೆಗೆದು ಒಂದು ಬಟ್ಟೆ ಕೊಟ್ಟು, “ಹಾಗಾದ್ರೆ ಒರೆಸಮ್ಮ,” ಅಂದರಂತೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮನೇ ಇದನ್ನು ತಮಾಷೆಯಾಗಿ ಹೇಳಿದ್ದರು. ಹೇಳಿ ಮುಗಿಸಿದ ಮೇಲೆ ಮಾತ್ರ ತುಂಬಾ ಹೊತ್ತು ಅನ್ನ ಕಲಸುತ್ತಲೇ ಇದ್ದರು.

*

ಒಂದೂವರೆಗೆ ವಿಶ್ವವಿದ್ಯಾಲಯದ ಕಾರು ಬಂತು. ಪ್ರೊಫೆಸರ್ ಮೋಹನ್‌ಬಾಬು ದೊಡ್ಡ ಹೂವಿನ ಚಕ್ರವನ್ನು ತಾವೇ ಹಿಡಿದುಕೊಂಡು ಇಳಿದರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಕಣ್ಣೂ ಒದ್ದೆಯಾಗಿತ್ತು.

“ಪಾಪಂ, ಎಂಥ ಕೆಲಸ ಆಗೋಯ್ತು ಮೇಷ್ಟ್ರೇ,” ಅಂತ ಅಪ್ಪನ ಕೈ ಹಿಡಿದುಕೊಂಡರು. “ಬೆಳಿಗ್ಗೆ ಐದೂ ಕಾಲಿಗೆ ನಂಗೆ ಫೋನ್ ಮಾಡಿದ್ರು. ನಾನು ಮಲಗಿದ್ದೆ, ಎತ್ತಲಿಲ್ಲ. ಎದ್ದ ಮೇಲೆ ಮಾಡೋಣ ಬಿಡು ಅಂದ್ಕೊಂಡೆ. ನಮ್ಮ ವಿಶಾಲಾಕ್ಷಮ್ಮ ಅಂದ್ರೆ ನನ್ನ ಬಲಗೈ ಇದ್ದಂಗೆ ಸಾರ್.”

ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ ಬಿಸ್ಮಿಲ್ಲಾ ಬೀ ತಲೆಯೆತ್ತಿದಳು. ರೇಷ್ಮೆ ಕಾರ್ಖಾನೆಯವಳು. ನಲವತ್ತೆಂಟನೇ ವಯಸ್ಸಿನಲ್ಲಿ ವಿಶಾಲಾಕ್ಷಮ್ಮನಿಂದ ಕನ್ನಡ ಓದಲು ಕಲಿತು, ಈಗ ಅಲ್ಲಿ ಗಟ್ಟಿಯಾಗಿ ಓದುವವಳು ಅವಳೇ.

“ನೀವು ಯಾರು ಸಾಬ್?”

“ನಾನಮ್ಮಾ, ಲೈಬ್ರೇರಿಯನ್.”

“ಹೌದಾ? ಎಂಟು ವರ್ಷದಿಂದ ಪೆಟ್ಟಿಗೆ ಬರ್ತೈತೆ, ನಿಮ್ಮನ್ನ ಇವತ್ತೇ ನೋಡಿದ್ದು. ನಮ್ಮ ಅಮ್ಮ ಸತ್ಮೇಲೆ ಬಂದ್ರಿ, ಪುಣ್ಯ.”

ಯಾರೋ ಹೆಂಗಸರು “ಶ್, ಸುಮ್ನಿರೇ ಬಿಸ್ಮಿಲ್ಲಾ,” ಅಂದರು. ಮೋಹನ್‌ಬಾಬು ಕೇಳಿಸದವರಂತೆ ಹೂಚಕ್ರವನ್ನು ಕಾಲ ಬಳಿ ಇಟ್ಟು ಕೈಮುಗಿದರು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಶಿರೀಷಾ ಅವರ ದನಿ ಕೇಳಿ ಕಿವಿ ನಿಮಿರಿಸಿತು. ತಾಯಿಯ ಸೆರಗು ಜಗ್ಗಿತು.

“ಅಮ್ಮ, ಇವರೇ ನಂಬರ್ ಅಂಕಲ್ಲು! ಅಮ್ಮ, ಇವರನ್ನ—”

ಶರ್ವಾಣಿ ಮಗುವಿನ ಬಾಯಿಗೆ ಅಂಗೈ ಇಟ್ಟಳು.

ಹೊರಗೆ ಚಟ್ಟ ಕಟ್ಟುತ್ತಿದ್ದರು. ಪುರೋಹಿತರು ಇನ್ನು ಹತ್ತು ನಿಮಿಷ ಅಂದರು. ಮೋಹನ್‌ಬಾಬು ಜಗಲಿಗೆ ಬಂದು ಅಫ್ಜಲನನ್ನು ಪಕ್ಕಕ್ಕೆ ಕರೆದು, “ಏನಪ್ಪ, ಸಿಕ್ತಾ ಪಾಸ್‌ವರ್ಡು?” ಅಂತ ಮೆಲ್ಲಗೆ ಕೇಳುವುದು ಒಳಗಿದ್ದ ಶರ್ವಾಣಿಗೆ ಕೇಳಿಸಿತು. ಕೊಡಬಹುದು. ಕೊಟ್ಟರೆ ಸಂಜೆಯೊಳಗೆ ಅಫ್ಜಲನ ಕೈಯಿಂದಲೇ ಆ ಕರಡನ್ನು ಅಳಿಸಿ ಹಾಕಿಸುತ್ತಾರೆ. ನಾಳೆ ಬರುವ ಕಮಿಟಿಯವರು ‘ಒಂಬತ್ತು ಮಂದಿ’ ಅಂತ ಓದಿ, ಕಾಫಿ ಕುಡಿದು ಹೋಗುತ್ತಾರೆ.

ಅವಳು ಮಂಚದ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಹಳದಿ ಗುಂಡಿಯನ್ನು ಒತ್ತಿದಳು. ಜಗಲಿಯಲ್ಲಿ ಒಂದು ಫೋನು ಟಿಣ್ ಅಂದಿತು.

ತೆರೆದ ಲ್ಯಾಪ್‌ಟಾಪನ್ನು ಮೊರದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಶರ್ವಾಣಿ ಹೊರಗೆ ಬಂದಳು. ಬೀದಿಯಲ್ಲಿ ನಿಂತಿದ್ದವರೆಲ್ಲ ತಿರುಗಿದರು.

“ಹೆಣ ಮನೇಲಿಟ್ಕೊಂಡು ಏನಮ್ಮ ಇದು ಕಂಪ್ಯೂಟ್ರು?” ಅಂದರು ಒಬ್ಬ ಹಿರಿಯರು.

“ಅವಳ ಕೆಲಸ ಇನ್ನೂ ಮುಗಿದಿಲ್ಲ. ಬಿಡಿ,” ಅಂದರು ಅಪ್ಪ. ಬೆಳಿಗ್ಗೆಯಿಂದ ಅವರು ಆಡಿದ ಎರಡನೆಯ ಮಾತೋ ಮೂರನೆಯದೋ ಅದು.

“ಸಾರ್, ನಿಮಗೊಂದು ನಂಬರ್ ಬಂದಿರತ್ತೆ,” ಅಂದಳು ಶರ್ವಾಣಿ. “ಹೇಳ್ತೀರಾ?”

ಮೋಹನ್‌ಬಾಬು ಫೋನು ತೆಗೆದು ಕನ್ನಡಕ ಮೇಲೆ ಮಾಡಿದರು. ಹನ್ನೊಂದು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ತೆರೆಯಿತು. “ಬರ್ಕೊಳಿ. ನಾಲ್ಕು… ಒಂದು… ಒಂಬತ್ತು…” ಅಲ್ಲಿಗೆ ನಿಂತರು. “ಇದು ಯಾವ ಪುಟಕ್ಕಮ್ಮ?”

“ಸಿಬ್ಬಂದಿ ಪುಟ. ಒಂಬತ್ತು ಜನರ ಹೆಸರಿದೆ. ಅಮ್ಮನದೂ ಇದೆ. ಬೆಳಿಗ್ಗೆ ಅದಕ್ಕೇ ನಿಮಗೆ ಫೋನ್ ಮಾಡಿದ್ದು.”

ಅಫ್ಜಲ್ ಕಣ್ಣು ಪಿಳುಕಿಸದೆ ನಿಂತ. ಜೀಪಿನ ಮುನಿನಾರಾಯಣಪ್ಪ ಚಟ್ಟದ ಹಗ್ಗ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ.

“ನೋಡಮ್ಮ ಶರ್ವಾಣಿ,” ಮೋಹನ್‌ಬಾಬು ದನಿ ತಗ್ಗಿಸಿದರು. “ಇದನ್ನ ನಿಮ್ಮಮ್ಮ ಒಂದು ವರ್ಷದ ಹಿಂದೇನೇ ಕೇಳಿದ್ರು. ಬೇಡ ಬಿಡಿ ಮೇಡಂ ಅಂದಿದ್ದೆ. ಕಮಿಟಿಯವರು ಕೇಳ್ತಾರಲ್ಲ, ಇವರು ಇಷ್ಟೆಲ್ಲ ಮಾಡಿದ್ರೆ ಪ್ರಭಾರದವರು ಯಾಕೆ ಅಂತ. ನಂಗೂ ಕಷ್ಟ, ನಿಮಗೂ ಕಷ್ಟ. ಕಾರ್ಯ ಎಲ್ಲಾ ಆಗ್ಲಿ. ರೂಲ್ಸ್ ನೋಡಿ, ಒಂದು ಪ್ರತ್ಯೇಕ ಪುಟ ಮಾಡ್ಸೋಣ. ಶ್ರದ್ಧಾಂಜಲಿ ಅಂತ.”

ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಮೂರು ನಿಮಿಷ ಚಿಲ್ಲರೆ. ಶರ್ವಾಣಿ ಪರದೆಯನ್ನು ಅವರ ಕಡೆಗೆ ತಿರುಗಿಸಿ ಹಿಡಿದಳು. ಒಳಗಿನಿಂದ ಪುರೋಹಿತರು, “ಬಾಯಿಗೆ ಅಕ್ಕಿ ಹಾಕೋರು ಬನ್ನಿ,” ಅಂತ ಕರೆದರು. ಯಾರೂ ಕದಲಲಿಲ್ಲ.

ಶಿರೀಷಾ ತಾಯಿಯ ಪಕ್ಕದಿಂದ ಮುಂದೆ ಬಂದು ಮೋಹನ್‌ಬಾಬು ಅವರ ಎದುರು ನಿಂತಿತು. ಅವರ ಫೋನನ್ನು ನೋಡಿತು, ಆಮೇಲೆ ಮುಖ ನೋಡಿತು. ಶರ್ವಾಣಿಯ ಎರಡು ಕೈಯೂ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದವು. ಬಿಡುವಾಗಿದ್ದರೂ ಈ ಸಲ ಅವಳು ಮಗುವಿನ ಬಾಯಿ ಮುಚ್ಚುತ್ತಿರಲಿಲ್ಲ.

“ಅಂಕಲ್,” ಅಂದಿತು ಮಗು, ಬೀದಿಗೆಲ್ಲ ಕೇಳುವ ಹಾಗೆ, “ನಂಬರ್ ಹೇಳೋದು ಬಿಟ್ಟು, ನೀವು ಲೈಬ್ರರೀಲಿ ಇನ್ನೇನು ಕೆಲಸ ಮಾಡ್ತಿದ್ರಿ?”