ಮೊದಲ ನಾಲ್ಕು ಹಾಳೆ

ದ್ವೀಪದ ಶಾಲೆಯಲ್ಲಿ ಒಂದು ದಿನ ತಪ್ಪಿಸಿದರೂ ಮೇಷ್ಟ್ರು ಮನೆಗೇ ಫೋನ್ ಮಾಡುತ್ತಿದ್ದರು. ಟ್ರಾಂಡ್‌ಹೈಮ್ ಊರಿನ ಕಾಲೇಜಿನಲ್ಲಿ ಸಿಗ್ರುನ್ ಬಂದಳೋ ಬಿಟ್ಟಳೋ ಎಂದು ಕೇಳುವವರೇ ಇರಲಿಲ್ಲ. ಮೀನುಗಾರರ ಮನೆಯ ಹುಡುಗಿ, ವಯಸ್ಸು ಹತ್ತೊಂಬತ್ತು. ಹಗ್ಗ ಬಿಚ್ಚಿದ ಕರುವಿನ ಹಾಗೆ ಆಗಿದ್ದಳು.

ಗಣಿತಕ್ಕೆ ವಾರಕ್ಕೊಂದು ಲೆಕ್ಕದ ಹಾಳೆ, ಒಟ್ಟು ಹನ್ನೆರಡು. ಎಂಟಕ್ಕಾದರೂ ಒಪ್ಪಿಗೆ ಸಿಕ್ಕರೆ ಮಾತ್ರ ಡಿಸೆಂಬರಿನಲ್ಲಿ ಪರೀಕ್ಷೆಗೆ ಕೂರಬಹುದು.

"ಶುಕ್ರವಾರ ಮೊದಲ ಹಾಳೆ ಕೊಡ್ಬೇಕಲ್ವೇನೇ?" ಎಂದು ಕೇಳಿದವಳು ಇಂಗ್ವಿಲ್. ಸಿಗ್ರುನ್ ಬಾಡಿಗೆಗಿದ್ದ ಮನೆಯಲ್ಲೇ ಇದ್ದ ಎರಡನೇ ವರ್ಷದವಳು.

ಸಿಗ್ರುನ್ ಬ್ರೆಡ್ಡಿನ ಮೇಲೆ ಕಂದು ಚೀಸ್ ಹೆರೆದು ಹಾಕಿಕೊಳ್ಳುತ್ತ ನಕ್ಕಳು. "ನಾಲ್ಕು ಬಿಡಬಹುದು ಅಂತ ಪ್ರಾಧ್ಯಾಪಕರೇ ಹೇಳಿದಾರೆ ಮಾರಾಯ್ತಿ. ಮೊದಲ ನಾಲ್ಕನ್ನೇ ಬಿಟ್ಬಿಡ್ತೀನಿ. ಈಗ ಹಾಡಿನ ತಂಡ, ಗುಡ್ಡ ಹತ್ತೋದು. ಓದು ಆಮೇಲೆ."

"ಆ ನಾಲ್ಕು ಇರೋದು ಜ್ವರ ಬಂದ ದಿನಕ್ಕೆ ಕಣೇ, ಹಾಡೋ ದಿನಕ್ಕಲ್ಲ."

"ನೀನೇನು ನಮ್ಮಜ್ಜಿನಾ?"

ಫೋನಿನಲ್ಲಿ ಅಪ್ಪ ಆಸ್ಮುಂಡ್ ಕೂಡ ಮಗಳ ಪರವೇ. "ಚುರುಕು ಹುಡುಗಿ. ನಿಂಗ್ಯಾಕೆ ವೇಳಾಪಟ್ಟಿ?"

ಐದರಿಂದ ಎಂಟರವರೆಗೆ ಇಂಗ್ವಿಲ್‌ಳನ್ನು ಕೇಳಿ ಕೇಳಿ ಹೇಗೋ ದಾಟಿದಳು. ಒಂಬತ್ತನೆಯದರಲ್ಲಿ ಮಾತ್ರ ಸಾಲು ಸಾಲಿಗೂ ಮೊದಲ ಹಾಳೆಗಳ ಪಾಠವೇ ಬೇಕಾಗಿತ್ತು. ಅದನ್ನು ತೆರೆದದ್ದು ಗುರುವಾರ, ಕೊಡಬೇಕಾದದ್ದು ಶುಕ್ರವಾರ ಮಧ್ಯಾಹ್ನ. ಅರ್ಧ ಖಾಲಿ ಹಾಳೆ ಹೋಯಿತು. ಸೋಮವಾರ ಉತ್ತರ ಬಂತು: ಒಪ್ಪಿಗೆ ಇಲ್ಲ.

ಉಳಿದದ್ದು ಮೂರು. ಒಪ್ಪಿಗೆ ಸಿಕ್ಕ ನಾಲ್ಕೂ ಈ ಮೂರೂ ಏಳು. ಎಷ್ಟು ಸಲ ಎಣಿಸಿದರೂ ಏಳೇ.

"ನಂಗೂ ಬೇಜಾರೇ," ಎಂದರು ಪ್ರಾಧ್ಯಾಪಕರು, ತಣ್ಣಗೆ, ಕನಿಕರದಿಂದಲೇ. "ಆದ್ರೆ ನಿಯಮ ಎಲ್ರಿಗೂ ಒಂದೇ. ಮುಂದಿನ ವರ್ಷ ಮೊದಲಿಂದ ಶುರು ಮಾಡು."

ಪರೀಕ್ಷೆಯ ಬೆಳಿಗ್ಗೆ ಜೊತೆಯವರೆಲ್ಲ ಬುತ್ತಿ ಹಿಡಿದು ಹಿಮದಲ್ಲಿ ಸಾಲಾಗಿ ಹೋದರು. ಸಿಗ್ರುನ್ ನದಿಯ ಸೇತುವೆಯ ಮೇಲೆ ನಿಂತಿದ್ದಳು. 'ದೇವರೇ, ಸೆಪ್ಟೆಂಬರ್ ವಾಪಸ್ ಕೊಡು' ಎಂದು ಬೇಡಲು ಹೊರಟವಳಿಗೆ, ಅದೊಂದನ್ನು ಅವನೂ ಯಾರಿಗೂ ಕೊಟ್ಟಿಲ್ಲವೆಂಬುದು ನೆನಪಾಯಿತು. ಅಪ್ಪನಿಗೆ ಫೋನ್ ಮಾಡಿದಳು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, "ತಪ್ಪು ನಂದೂ ಇದೆ ಮಗಾ. ಹವಾ ಚೆನ್ನಾಗಿರುವಾಗ್ಲೇ ಬಲೆ ಎತ್ತಬೇಕು ಅಂತ ಊರಿಗೆಲ್ಲ ಹೇಳ್ತೀನಿ. ನಿಂಗೆ ಹೇಳ್ಲಿಲ್ಲ. ನಿನ್ನ ತಮ್ಮಂಗಾದ್ರೂ ಹೇಳ್ತೀನಿ," ಎಂದ.

"ಹೇಳಪ್ಪ," ಎಂದಳು.

ಹೊಸದಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳೇ, ಕೇಳುವವರಿಲ್ಲವೆಂದು ದಿನಗಳು ಕಾಯುವುದಿಲ್ಲ. ಕೊಡಬೇಕಾದ ತಾರೀಖುಗಳನ್ನೆಲ್ಲ ಮೊದಲ ವಾರವೇ ಬರೆದು, ದಿನವೂ ಕಣ್ಣಿಗೆ ಬೀಳುವ ಗೋಡೆಗೆ ಅಂಟಿಸಿ. ಮೊದಲ ಕೆಲಸವನ್ನು ಮೊದಲು ಮುಗಿಸಿ. ವಿನಾಯಿತಿಯನ್ನು ಕಷ್ಟಕಾಲಕ್ಕೆ ಎತ್ತಿಡಿ. ಒಂದು ತಪ್ಪಿತೋ, ನಾಚದೆ ಅವತ್ತೇ ಬಲ್ಲವರನ್ನು ಕೇಳಿ. ನಾಳೆ ಎನ್ನಬೇಡಿ, ಈ ಕರಪತ್ರ ಕೆಳಗಿಡುವ ಮೊದಲೇ ಒಂದು ತಾರೀಖು ಬರೆದುಕೊಳ್ಳಿ.