ಕಾರಿನಲ್ಲಿ ಎಷ್ಟು ಜನ

ಸ್ಕಾರ್‌ಹೇಯ ಬೆಟ್ಟದ ಮೇಲೆ ಗಾಳಿ ಎದ್ದಿತೆಂದರೆ ಹಿಮ ಮೇಲಿಂದ ಬೀಳುವುದಿಲ್ಲ, ಅಡ್ಡಡ್ಡ ಹಾರುತ್ತದೆ. ಕಾರಿನೊಳಗೆ ಕೂತವನಿಗೆ ಕಾರಿನ ಮೂತಿಯೇ ಕಾಣುವುದಿಲ್ಲ. ಆಗ ಬುಡದಲ್ಲಿ ಗೇಟು ಹಾಕಿಬಿಡುತ್ತಾರೆ. ಬಂದವರೆಲ್ಲ ಅಲ್ಲೇ ಸಾಲಾಗಿ ಕಾಯಬೇಕು. ಇಪ್ಪತ್ತು ಕಾರು ಸೇರಿದ ಮೇಲೆ ಮುಂದೊಂದು ಹಿಮ ತಳ್ಳುವ ಲಾರಿ, ಕೊನೆಯಲ್ಲೊಂದು ಕಾವಲಿನ ಜೀಪು, ನಡುವೆ ಇವರು, ಹೀಗೆ ಮೆರವಣಿಗೆ ಹೊರಡುತ್ತದೆ. ಮುಂದಿನ ಕಾರಿನ ಕೆಂಪು ದೀಪ ಹಿಡಿದುಕೊಂಡು ಹೋಗುತ್ತಿರಬೇಕು, ಅಷ್ಟೆ. ನಡುದಾರಿಯಲ್ಲಿ ಮನಸ್ಸು ಬದಲಾಯಿತು ಅಂತ ತಿರುಗಿಸುವ ಹಾಗಿಲ್ಲ.

ಹಾಲ್‌ಸ್ಟೈನ್ ಈ ಗೇಟಿನ ಮುಂದೆ ಹನ್ನೆರಡು ವರ್ಷದಿಂದ ಕಾಯುತ್ತಾ ಬಂದವನು. ಫೆಬ್ರವರಿಯಲ್ಲಿ ಚಳಿಗಾಲದ ರಜೆ ಸಿಕ್ಕ ಕೂಡಲೇ ಬೆಟ್ಟದಾಚೆಗಿನ ಅತ್ತೆಮನೆಗೆ ಹೊರಡುವುದು ವಾಡಿಕೆ. ಈ ವರ್ಷ ಬೇಡವೆಂದಿದ್ದ. ಅತ್ತೆ ಕೇಳಲಿಲ್ಲ. "ಬರದೆ ಏನ್ಮಾಡ್ತೀರಿ? ಮೂರೂ ಜನ ಕೂತ್ಕೊಂಡು ಗೋಡೆ ನೋಡ್ತೀರಾ? ಸುಮ್ನೆ ಹೊರಡಿ" ಎಂದು ಫೋನಿಟ್ಟುಬಿಟ್ಟಳು.

ಹಿಂದಿನ ಸೀಟಿನ ನಡುವೆ ಆರು ವರ್ಷದ ಓಸ್ನೆ ಮುದುಡಿಕೊಂಡು ಕೂತಿದ್ದಳು. ಅವಳ ಬಲಕ್ಕೆ ಅಜ್ಜಿಗೆ ಒಯ್ಯುವ ಸಾಮಾನಿನ ರಾಶಿ. ಎಡಕ್ಕೆ, ಅಪ್ಪನ ಬೆನ್ನ ಹಿಂದಿನ ಕಿಟಕಿ ಖಾಲಿ. ಆ ಕಡೆ ಸರಿದು ಕೂರು ಅಂತ ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಸರಿಯಲಿಲ್ಲ. ಅದು ಅಕ್ಕ ತಿರಿಲ್‌ಳ ಜಾಗ. ಅಲ್ಲಿ ಕೂತು ಅಪ್ಪನ ಸೀಟಿಗೆ ಮೊಣಕಾಲು ಕೊಟ್ಟು ಒದೆಯುವುದು, ಬೈಸಿಕೊಳ್ಳುವುದು, ಮತ್ತೆ ಒದೆಯುವುದು ಅವಳ ಕೆಲಸವಾಗಿತ್ತು. ತಿರಿಲ್ ಕಳೆದ ಸೆಪ್ಟೆಂಬರಿನಲ್ಲಿ, ಹನ್ನೊಂದು ತುಂಬಿದ ಮೂರನೇ ವಾರಕ್ಕೆ, ರಕ್ತದ ಕಾಯಿಲೆಯಿಂದ ತೀರಿಕೊಂಡಿದ್ದಳು.

ಆ ಸುದ್ದಿಯನ್ನು ಊರಿಗೆಲ್ಲ ಹೇಳಿದವಳು ಈಗ ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಡತಿ ಗುಡ್ನಿ. ಶಾಲೆಗೆ ಅವಳೇ, ಸ್ಕೀ ಕಲಿಸುವ ಮೇಷ್ಟರಿಗೆ ಅವಳೇ. ಮಗಳ ಹಲ್ಲು ತೋರಿಸಲು ಯಾವತ್ತು ಬರುತ್ತೀರಿ ಎಂದು ಫೋನು ಮಾಡಿದ ಹುಡುಗಿಗೂ ಅವಳೇ ಹೇಳಿ, ಆ ಹುಡುಗಿ ಅತ್ತಾಗ ಸಮಾಧಾನವನ್ನೂ ಮಾಡಿದಳು. ಹಾಲ್‌ಸ್ಟೈನ್ ಪಕ್ಕದಲ್ಲಿ ನಿಂತು ತಲೆಯಾಡಿಸಿದ. ಆ ಒಂದು ಮಾತು ಅವನ ಬಾಯಿಂದ ಇವತ್ತಿನವರೆಗೆ ಬಂದಿರಲಿಲ್ಲ. ಗೊತ್ತಿಲ್ಲದವರು ಯಾರಾದರೂ ಮಕ್ಕಳು ಹೇಗಿದ್ದಾರೆಂದು ಕೇಳಿದರೆ "ಹೂಂ, ಇದ್ದಾರೆ" ಎಂದು ಬೇರೆ ಮಾತು ತೆಗೆಯುತ್ತಿದ್ದ.

ಕಾವಲಿನ ಅಸ್ಲಾಕ್ ಹಿಮದಲ್ಲಿ ಕರಡಿಯ ಹಾಗೆ ತೂಗಾಡುತ್ತಾ ಕಿಟಕಿಗೆ ಬಂದ. ಗಡ್ಡದ ತುಂಬ ಬಿಳಿ. ಕೈಯಲ್ಲಿ ಒಂದು ನೋಟ್‌ಬುಕ್ಕು, ಹಗ್ಗದಲ್ಲಿ ಕಟ್ಟಿದ ಪೆನ್ಸಿಲು.

"ಹೊಟ್ಟೆ ತುಂಬಾ ಪೆಟ್ರೋಲ್ ಇದೆಯಾ?"

"ಕಾರಿಗಿದೆ."

"ಕಾರಿಗೇ ಕೇಳಿದ್ದು ಮಾರಾಯ. ಕಂಬಳಿ? ಸಲಿಕೆ? ಉಣ್ಣೆ ಚಡ್ಡಿ?"

ಹಿಂದಿನಿಂದ ಓಸ್ನೆ ಕಿಸಕ್ಕೆಂದಳು.

"ನಗ್ತೀಯಾ? ಹೋದ ವಾರ ಒಬ್ಬ ನಗರದಿಂದ ಬಂದಿದ್ದ, ತೆಳ್ಳಗಿನ ಪ್ಯಾಂಟು. ವಾಪಸ್ ಕಳಿಸ್ದೆ. ಸರಿ, ಕಾರಲ್ಲಿ ಎಷ್ಟು ಜನ?"

"ನಾಲ್ಕು."

ಆರು ವರ್ಷದ ರೂಢಿ. ನಾಲಿಗೆ ಯಾರನ್ನೂ ಕೇಳಲಿಲ್ಲ. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ ಅಸ್ಲಾಕ್ ಒಳಗೆ ಸರಿಯಾಗಿ ನೋಡಲೂ ಇಲ್ಲ. ಬರೆದುಕೊಂಡು, ಬಾಗಿಲಿಗೆ ಎರಡು ಸಲ ತಟ್ಟಿ, ಮುಂದಿನವರ ಕಡೆ ಹೋದ. ಅಷ್ಟರಲ್ಲಿ ಗೇಟು ಎದ್ದಿತು, ಸಾಲು ಕದಲಿತು.

ಹಾಲ್‌ಸ್ಟೈನ್ ಮುಂದಿನ ಕಾರಿನ ಕೆಂಪು ದೀಪ ಹಿಡಿದು ಹೊರಟ.

"ನಾಲ್ಕು ಅಂದೆ ನೀನು" ಎಂದಳು ಗುಡ್ನಿ.

"ಗೊತ್ತು. ಬಾಯಿ ತಪ್ಪಿತು."

"ಇಲ್ಲಿ ತಲೆ ಎಣಿಸ್ತಾರೆ ಕಣೋ. ಆ ಕಡೆ ಇಳಿದ ಮೇಲೆ ಮತ್ತೆ ಎಣಿಸ್ತಾರೆ."

ಅವನಿಗೆ ಗೊತ್ತಿಲ್ಲದ್ದೇನಲ್ಲ. ಕೆಲವು ವರ್ಷದ ಹಿಂದೆ ಸಾಲು ನಿಂತಾಗ ಒಬ್ಬ ಮುದುಕ ಮೂತ್ರಕ್ಕೆಂದು ಇಳಿದು, ನಾಲ್ಕು ಹೆಜ್ಜೆ ಹೋಗಿ, ತನ್ನ ಕಾರು ಎಲ್ಲಿದೆಯೆಂದು ತಿಳಿಯದೆ ಹಿಮದಲ್ಲೇ ಉಳಿದುಬಿಟ್ಟಿದ್ದ. ಅವತ್ತಿನಿಂದ ಈ ಬೆಟ್ಟದಲ್ಲಿ ಕಾರಿನ ಜೊತೆಗೆ ಜನರನ್ನೂ ಎಣಿಸುತ್ತಾರೆ. ಒಂದು ತಲೆ ಕಡಿಮೆಯಾದರೂ ಲಾರಿ ತಿರುಗಿ ಮೇಲಕ್ಕೆ ಹೋಗುತ್ತದೆ.

"ನೀನು ಹೇಳ್ತೀಯಲ್ಲ ಅವನಿಗೆ" ಎಂದ.

ಗುಡ್ನಿ ಕಿಟಕಿಯ ಕಡೆ ಮುಖ ಮಾಡಿದಳು. ಅಲ್ಲಿ ಬಿಳಿ ಬಿಟ್ಟು ಏನೂ ಇರಲಿಲ್ಲ.

"ಇಲ್ಲ. ಎಲ್ರಿಗೂ ನಾನೇ ಹೇಳಿದೀನಿ. ಪ್ರತಿ ಸಲ ಹೇಳ್ದಾಗ್ಲೂ ಅವಳು ಇನ್ನೊಂದ್ಸಲ ಹೋಗ್ತಾಳೆ ನಂಗೆ. ಇದೊಂದು ನೀನು ಹೇಳು. ಒಂದೇ ಒಂದ್ಸಲ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಬೆಟ್ಟದ ನೆತ್ತಿಯಲ್ಲಿ ಸಾಲು ನಿಂತಿತು. ಮುಂದೆಲ್ಲೋ ಲಾರಿ ಹಿಮದ ದಿಬ್ಬವೊಂದನ್ನು ಗುದ್ದಿ ಗುದ್ದಿ ಒಡೆಯುತ್ತಿತ್ತು. ಗಾಳಿಗೆ ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಗುಡ್ನಿ ಬೆಳಿಗ್ಗೆ ಅವನು ತುಂಬಿಟ್ಟಿದ್ದ ತಿಂಡಿಯ ಚೀಲ ಬಿಚ್ಚಿದಳು. ಕಾಫಿ, ಕಂದು ಚೀಸಿನ ಬ್ರೆಡ್ಡು, ಕಿತ್ತಳೆ. ಕಿತ್ತಳೆ ನಾಲ್ಕಿದ್ದವು. ಅವಳು ಏನೂ ಅನ್ನದೆ ಒಂದನ್ನು ಮಗಳಿಗೆ ಕೊಟ್ಟಳು. ಓಸ್ನೆ ತನ್ನದನ್ನು ಸುಲಿಯದೆ, ಚೀಲದಲ್ಲಿ ಉಳಿದಿದ್ದನ್ನೂ ಅಪ್ಪನ ಕತ್ತಿನ ಹಿಂಭಾಗವನ್ನೂ ನೋಡುತ್ತಾ ಕೂತಳು.

ಹಾಲ್‌ಸ್ಟೈನ್ ಮನಸ್ಸಿನಲ್ಲೇ ಮಾತು ಜೋಡಿಸಿ ನೋಡಿದ. 'ನಾವು ಮೂರೇ ಜನ.' ಇದನ್ನು ಹೇಳಬಹುದು. 'ಕ್ಷಮಿಸಿ, ಎಣಿಕೆ ತಪ್ಪಿತು.' ಇದೂ ಆದೀತು. ಅದರ ಮುಂದಿನದಕ್ಕೆ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡಿದ. ಹೇಳದಿದ್ದರೆ ಅವಳು ಎಲ್ಲೋ ಒಂದು ಕಡೆ, ಆಸ್ಪತ್ರೆಯಲ್ಲೋ, ಗೆಳತಿಯ ಮನೆಯಲ್ಲೋ ಇದ್ದಾಳೆ. ಹೇಳಿಬಿಟ್ಟರೆ ಎಲ್ಲಿರುತ್ತಾಳೆ?

ಕೆಂಪು ದೀಪ ಮತ್ತೆ ಕದಲಿತು.

ಆಚೆ ಬದಿಯ ಗೇಟಿಗೆ ಇಳಿಯುವಾಗ ಐದು ಗಂಟೆ ದಾಟಿ, ಹಿಮಕ್ಕೆ ನೀಲಿ ಬಣ್ಣ ಹತ್ತುತ್ತಿತ್ತು. ಅಸ್ಲಾಕ್ ಜೀಪಿನಿಂದಿಳಿದು ಒಂದೊಂದೇ ಕಾರಿಗೆ ಬಗ್ಗಿ ನೋಡುತ್ತಾ ಬಂದ. ಇವರ ಕಿಟಕಿಗೆ ಟಾರ್ಚು ಹಿಡಿದ.

"ಒಂದು, ಎರಡು, ಮೂರು... ಇನ್ನೊಬ್ಬರೆಲ್ಲಿ?" ನೋಟ್‌ಬುಕ್ಕು ನೋಡಿದ, ಮತ್ತೆ ಒಳಗೆ ನೋಡಿದ. ಅವನ ಮುಖದ ನಗು ಇಳಿದುಹೋಯಿತು. "ಮೇಲೆ ನಿಂತಾಗ ಯಾರಾದ್ರೂ ಇಳಿದ್ರಾ? ಹೇಳಿ ಬೇಗ!"

ಹಾಲ್‌ಸ್ಟೈನ್ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ.

ಅಸ್ಲಾಕ್ ಹೆಗಲ ಮೇಲಿನ ವೈರ್‌ಲೆಸ್ ಒತ್ತಿ ಹಿಡಿದ. "ತಡಿ, ಲಾರಿ ಒಳಗೆ ಹಾಕ್ಬೇಡ. ಒಬ್ಬರು ಕಮ್ಮಿ ಇದಾರೆ."

"ಅಯ್ಯೋ ದೇವ್ರೇ" ಎಂದಿತು ವೈರ್‌ಲೆಸ್. "ಈ ಗಾಳೀಲಾ? ಸರಿ, ತಿರುಗಿಸ್ತೀನಿ. ದೊಡ್ಡವರೋ, ಮಗುನೋ?"

ಗುಡ್ನಿಯ ಬಾಯಿ ತೆರೆಯಿತು. ತಾನು ಇನ್ನೊಂದು ಕ್ಷಣ ಸುಮ್ಮನಿದ್ದರೆ ಅವಳೇ ಹೇಳುತ್ತಾಳೆಂದು ಅವನಿಗೆ ತಿಳಿಯಿತು. ಅವಳ ಕೈ ಹಿಡಿದು ತಡೆದ.

"ತಿರುಗಿಸ್ಬೇಡಿ" ಎಂದ. "ಮೇಲೆ ಯಾರೂ ಇಲ್ಲ. ನಾನು ತಪ್ಪು ಹೇಳ್ದೆ, ನಾವು ಮೂರೇ ಜನ. ನನ್ನ ದೊಡ್ಡ ಮಗಳು... ತಿರಿಲ್ ಅಂತ. ಅವಳು ತೀರ್ಕೊಂಡ್ಳು. ಸೆಪ್ಟೆಂಬರಲ್ಲಿ ನನ್ನ ಮಗಳು ತೀರ್ಕೊಂಡ್ಳು."

ಅಸ್ಲಾಕ್ ಟಾರ್ಚು ಆರಿಸಿದ. "ಎಲ್ಲಾ ಬಂದಿದಾರೆ" ಎಂದು ವೈರ್‌ಲೆಸ್ಸಿಗೆ ಮೆಲ್ಲಗೆ ಹೇಳಿದ. ಪೆನ್ಸಿಲು ತೆಗೆದವನು ನೋಟ್‌ಬುಕ್ಕಿನ ಮೇಲೆ ಅದನ್ನು ಹಾಗೇ ಹಿಡಿದು, ಏನೂ ತಿದ್ದದೆ, ಪುಸ್ತಕ ಮಡಚಿ ಕೋಟಿನೊಳಗೆ ಇಟ್ಟುಕೊಂಡ.

ಆಗ ಹಿಂದಿನಿಂದ ಓಸ್ನೆ ಕೇಳಿದಳು:

"ಅಪ್ಪಾ, ನಿಂಗೂ ಗೊತ್ತಾ?"

"ಏನು ಪುಟ್ಟಾ?"

"ಅಕ್ಕ ಬರಲ್ಲ ಅಂತ. ನೀನಿನ್ನೂ ಕಾಯ್ತಿದೀಯ ಅಂದ್ಕೊಂಡಿದ್ದೆ. ಅದಕ್ಕೇ ನಾನು ನಿನ್ ಹತ್ರ ಅಳ್ತಾ ಇರ್ಲಿಲ್ಲ."

ಹಾಲ್‌ಸ್ಟೈನ್ ಸ್ಟಿಯರಿಂಗಿಗೆ ಹಣೆ ಒತ್ತಿದ. ಐದು ತಿಂಗಳಿಂದ ಬರದಿದ್ದ ಅಳು ಅವನ ಹೆಗಲನ್ನೆಲ್ಲ ಅಲ್ಲಾಡಿಸಿತು. ಓಸ್ನೆ ಬೆಲ್ಟು ಬಿಚ್ಚಿ ಎಡಕ್ಕೆ, ಅಕ್ಕನ ಜಾಗಕ್ಕೆ ಸರಿದಳು. ಸೀಟಿನ ಹಿಂದಿನಿಂದ ಎರಡೂ ಕೈ ಚಾಚಿ ಅಪ್ಪನ ಕೋಟು ಹಿಡಿದುಕೊಂಡು ತಾನೂ ಜೋರಾಗಿ ಅತ್ತಳು. ಗುಡ್ನಿ ಒಂದು ಕೈ ಅವನ ಬೆನ್ನ ಮೇಲೆ, ಇನ್ನೊಂದು ಮಗಳ ತಲೆಯ ಮೇಲೆ ಇಟ್ಟಳು.

ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಕಾಯೋ ಸ್ವಲ್ಪ!" ಎಂದು ಅಸ್ಲಾಕ್ ಅತ್ತ ಗದರಿದ. ಆಮೇಲೆ ಕಿಟಕಿಯೊಳಗೆ ಹಿಮ ನುಗ್ಗದ ಹಾಗೆ ಗಾಳಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಆ ಮೂವರ ಕಡೆ ನೋಡದೆ, ಬಂದ ದಾರಿಯ ಬಿಳಿಯನ್ನೇ ನೋಡುತ್ತಾ, ಎಷ್ಟೋ ಹೊತ್ತು ಹಾಗೇ ನಿಂತಿದ್ದ.