ಮೂರನೇ ಕೌಂಟರಿನ ಮೈಕು

ಗಂಡಸುತನ ಅಂದರೆ ಇದೇ ನೋಡಿ. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದ ಹೆಂಡತಿಯ ಜಡೆಯನ್ನು, ಅಡುಗೆಮನೆಯ ಕತ್ತರಿ ತಂದು, ಬುಡದಲ್ಲೇ ಕತ್ತರಿಸಿಬಿಟ್ಟ. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಜಡೆ ಅವನ ಕೈಯಲ್ಲಿತ್ತು. ಅಷ್ಟಕ್ಕೂ ಸಮಾಧಾನವಿಲ್ಲ ಮಹಾರಾಯನಿಗೆ. ಕತ್ತು ಅದುಮಿ ಹಿಡಿದು ಉಳಿದದ್ದನ್ನೂ ಅಲ್ಲಲ್ಲಿ ಕಚಕಚ ಅನ್ನಿಸಿದ.

"ಇನ್ನು ಅದ್ಹೇಗೆ ಹೋಗಿ ಕೌಂಟರಿನಲ್ಲಿ ಕೂರ್ತೀಯೋ ನೋಡೇಬಿಡ್ತೀನಿ," ಅಂದ.

ಅವಳು ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಟಿಕೆಟ್ ಕೊಡುವವಳು. ಊರಿಗೆಲ್ಲ ಟಿಕೆಟ್ ಅಕ್ಕ. ನಗುಮುಖದವಳು, ಅದೇ ದೊಡ್ಡ ತಪ್ಪಾಗಿದ್ದು! ನಿಲ್ದಾಣದ ಎದುರಿಗೇ ಅವನ ಮೊಬೈಲ್ ರಿಪೇರಿ ಅಂಗಡಿ. ಕೆಲಸವಿಲ್ಲದ ಯಾರೋ ಅಲ್ಲಿ ಕೂತು, "ನಿನ್ನ ಹೆಂಡ್ತಿ ಎಲ್ಲರ ಹತ್ರಾನೂ ಹಲ್ಲು ಕಿರೀತಾಳಪ್ಪ," ಅಂದನಂತೆ. ಅಂದಿನಿಂದ ಕೆಲಸ ಬಿಡು, ಕೆಲಸ ಬಿಡು ಅಂತ ಒಂದೇ ಸಮನೆ ಪ್ರಾಣ ತಿಂದ. ಬಿಡಲ್ಲ ಅಂದಿದ್ದಳು. ಬಾಯಲ್ಲಿ ಆಗದ್ದನ್ನು ಕತ್ತರಿಯಲ್ಲಿ ಮಾಡಿದ, ಅಷ್ಟೆ.

ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳು ಮುಗಿದ ಮೇಲೆ ಸಿಟ್ಟು ಬಂತು. ಫೋನಿನಲ್ಲಿ ಅಮ್ಮ, "ಕೂದಲು ಬೆಳೆಯೋವರೆಗೂ ರಜ ಹಾಕಮ್ಮ. ಕೇಳಿದವರಿಗೆ ಟೈಫಾಯ್ಡ್ ಆಗಿತ್ತು ಅಂದ್ಬಿಡು," ಅಂದಳು. ಬೆಳಗ್ಗೆ ಅತ್ತೆ ಒಂದು ಸ್ಕಾರ್ಫನ್ನು ಅವಳ ಬ್ಯಾಗಿಗೆ ತುರುಕಿ, "ಕಟ್ಕೋ. ಮನೆ ಮಾನಾನ ಬೀದಿಗೆ ತರಬೇಡ," ಅಂದರು. ಅಲ್ಲ, ಮಾನ ಕಳೆದವನು ಒಳಗೆ ಕಾಲು ಚಾಚಿಕೊಂಡು ಕಾಫಿ ಹೀರುತ್ತಿದ್ದಾನೆ, ಮುಚ್ಚಿಕೊಳ್ಳಬೇಕಾದವಳು ಇವಳಂತೆ! ಅವಳನ್ನು ಅವನು ತಡೆಯಲೂ ಇಲ್ಲ. ಬೀದಿ ತುದಿಯಿಂದಲೇ ವಾಪಸ್ ಬರ್ತಾಳೆ ಅಂತ ಅವನಿಗೆ ಖಾತ್ರಿ.

ಅವಳು ಬರಲಿಲ್ಲ. ಸ್ಕಾರ್ಫ್ ಕಟ್ಟಲೂ ಇಲ್ಲ. ದಾರಿಯುದ್ದಕ್ಕೂ ಜನ ನಿಂತು ನಿಂತು ನೋಡಿದರು. ನಿಲ್ದಾಣದ ಮ್ಯಾನೇಜರ್ ನೆಲ ನೋಡಿಕೊಂಡು, "ಇವತ್ತು ಒಳಗೇ ಏನಾದ್ರೂ ಕೆಲಸ ಮಾಡಿಮ್ಮ. ಸುಮ್ನೆ ಜನ ಆಡ್ಕೋತಾರೆ," ಅಂದರು.

"ಆಡ್ಕೊಳ್ಳಲಿ ಬಿಡಿ ಸಾರ್," ಅಂದು ತನ್ನ ಕುರ್ಚಿ ಎಳೆದುಕೊಂಡಳು.

ಕೌಂಟರಿನ ಗಾಜು ದಪ್ಪ. ಒಳಗಿನ ಮಾತು ಹೊರಗೆ ಕೇಳಲಿ ಅಂತ ಅವಳ ಮುಂದೆ ಸ್ವಿಚ್ ಒತ್ತಿ ಮಾತಾಡುವ ಒಂದು ಮೈಕು, ಹೊರಗಿನ ಗೋಡೆಗೆ ಸ್ಪೀಕರ್. ಅದರ ಗಂಟಲೋ, ಭರ್ಜರಿ! ಬಸ್ಸು ಹತ್ತಿ ಕೂತವರಿಗೂ ಕೇಳುತ್ತಿತ್ತು.

ದಿನಾ ಬರುವ ನರ್ಸಮ್ಮ ಗಾಜಿಗೆ ಮೂಗು ತಾಗಿಸಿ ಪಿಸುಗುಟ್ಟಿದಳು: "ಅಯ್ಯಯ್ಯೋ, ಏನಾಯ್ತೇ ತಲೆಗೆ?"

ಟೈಫಾಯ್ಡ್ ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಅದನ್ನು ನುಂಗಿ ಮೈಕಿನ ಸ್ವಿಚ್ ಒತ್ತಿದಳು.

"ನನ್ನ ಗಂಡ ಕತ್ತರಿಸಿದ್ದು. ಮಲಗಿದ್ದಾಗ. ಕೆಲಸ ಬಿಡಲಿ ಅಂತ."

ಬಸ್ಸು ಹತ್ತಿ ಕೂತವರೂ ಕಿಟಕಿಯಿಂದ ತಲೆ ಹೊರಹಾಕಿದರು. ಅವಳು ನರ್ಸಮ್ಮನಿಗೆ ಟಿಕೆಟ್ ಹರಿದು ಕೊಟ್ಟಳು.

ಆಮೇಲೆ ಕೇಳಿದವರಿಗೆಲ್ಲ ಅದೇ ಉತ್ತರ, ಅದೇ ಸ್ಪೀಕರಿನಲ್ಲಿ. ಒಬ್ಬ ದೊಡ್ಡ ಮನುಷ್ಯ, "ಸುಮ್ಸುಮ್ನೆ ಯಾರಾದ್ರೂ ಕತ್ತರಿಸ್ತಾರಾ? ನೀನೇನು ಮಾಡಿದ್ಯೋ ಏನೋ," ಅಂದ.

"ಟಿಕೆಟ್ ಕೊಡ್ತಿದ್ದೆ, ಈಗ ನಿಮಗೆ ಕೊಡ್ತಿರೋ ಹಾಗೆ. ಚಿಲ್ಲರೆ ಇದ್ರೆ ಕೊಡಿ."

ಮಧ್ಯಾಹ್ನದ ಹೊತ್ತಿಗೆ ಎದುರಿನ ಅಂಗಡಿಗೂ ಸುದ್ದಿ ಮುಟ್ಟಿತು. ಫೋನ್ ರಿಪೇರಿಗೆ ಬಂದವರೆಲ್ಲ, "ಏನಪ್ಪಾ, ಕ್ಷೌರದಂಗಡಿ ಯಾವಾಗ ಶುರು ಮಾಡಿದೆ?" ಅಂತ ಕಾಲೆಳೆಯತೊಡಗಿದರು. ತಡೆಯಲಾರದೆ ಓಡಿ ಬಂದ ನಮ್ಮ ವೀರ. ಕ್ಯೂ ಸೀಳಿಕೊಂಡು ನುಗ್ಗಿ ಗಾಜಿಗೆ ಮುಖ ಒತ್ತಿದ.

"ಸ್ವಿಚ್ ಆರಿಸೇ," ಹಲ್ಲು ಕಡಿದ.

"ಕ್ಯೂನಲ್ಲಿ ಬನ್ನಿ," ಸ್ಪೀಕರ್ ಗುಡುಗಿತು.

ಅವನ ದನಿ ತಗ್ಗಿತು. "ತಪ್ಪಾಯ್ತು ಅಂದ್ಕೋ, ಮನೆಗೆ ನಡಿ. ಎಲ್ಲಾ ನನ್ನೇ ನೋಡ್ತಿದ್ದಾರೆ. ತಲೆ ಎತ್ತೋಕಾಗ್ತಿಲ್ಲ ಕಣೇ."

"ನನಗಾಗ್ತಿದೆ."

ಬ್ಯಾಗಿನಿಂದ ಸ್ಕಾರ್ಫ್ ತೆಗೆದು, ಟಿಕೆಟ್ ಕೊಡುವ ಕಿಂಡಿಯಲ್ಲಿ ಅವನತ್ತ ತಳ್ಳಿದಳು.

"ನಿಮ್ಮಮ್ಮ ಕೊಟ್ಟಿದ್ದು. ಮುಖ ಮುಚ್ಕೊಂಡು ಹೋಗಿ. ನಾನು ಆ ಮನೆಗೆ ಬರಲ್ಲ."

ಹಿಂದೆ ನಿಂತಿದ್ದ ಅಜ್ಜಿ ಅವನ ಭುಜ ತಿವಿದಳು. "ಸರಿಯಪ್ಪಾ ಆಚೆ, ನನ್ನ ಬಸ್ಸು ಹೊರಟುಬಿಡತ್ತೆ."

ಅವನು ಸರಿದ. ಅವಳು ಮತ್ತೆ ಸ್ವಿಚ್ ಒತ್ತಿದಳು.

"ಯಾವ ಊರಿಗಜ್ಜಿ?"